ಮನೆಗೆ ಬಂದ ಹೊಸ ನಾಯಿ, ಮನೇಲಿರೋ ಕೂಸು

ಅಕ್ಕಂದ್ರೆ, ತಂಗೇರೆ, ಈ ಸಲ ಒಲೆ ಮುಂದಿನ ವಿಚಾರ ಬುಟ್ಟು ಬಾಗಿಲ ಮುಂದಿನ ವಿಚಾರ ಬರೀತಾ ಇದೀನಿ. ನಮ್ಮ ಬೀದೀಲಿ ಈಗೆರಡು ತಿಂಗಳಲ್ಲಿ ಮೂರು ಮನೆಗೆ ನಾಯಿ ಬಂದವ. ಒಬ್ಬರು ಕಳ್ಳರ ಭಯಕ್ಕೆ ತಂದ್ರು, ಒಬ್ಬರು ಮಕ್ಕಳ ಹಟಕ್ಕೆ ತಂದ್ರು, ಇನ್ನೊಬ್ಬರ ಮನೆಗೆ ಅದಾಗೇ ಬಂದು ಸೇರ್ಕಂಡದ. ಮೂರು ಮನೇಲೂ ಸಣ್ಣ ಮಕ್ಕಳಿದಾವೆ. "ನಿಮ್ಮನೇಲಿ ಏನಾಯ್ತು, ಒಸಿ ಹೇಳಕ್ಕ" ಅಂತ ಹಾಲು ತರೋಕೆ ಹೋದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸೋ ಮಾತಲ್ಲ ಅದು. ಅದಕ್ಕೇ ಕುಂತು ಬರ್ದಿದೀನಿ.

ನಮ್ಮನೆಗೆ ಬಂದದ್ದು ಮರಿಯಲ್ಲ, ದೊಡ್ಡ ನಾಯಿ. ಹೆಸರು ಕೆಂಚ. ಹನೂರು ಕಡೆ ಹಳ್ಳೀಲಿದ್ದ ನನ್ನ ತಮ್ಮನದು. ಅವನ ಹೊಲ ಕಾಡಿನ ಅಂಚಿಗೇ ಅದ. ಜೋಳ ಹಾಕ್ದಾಗ ಹಂದಿ ಕಾಟ, ಕೆಲವು ಸಲ ಆನೆ ಕಾಟ. ರಾತ್ರಿ ಅಟ್ಟಣೆ ಮೇಲೆ ಅವನು ಮಲಗಿದ್ರೆ ಕೆಳಗೆ ಕೆಂಚ ಮಲಗ್ತಿತ್ತು. ಹೋದ ವರ್ಷ ತಮ್ಮ ತೀರ್ಕಂಡ. ಅವನ ಹೆಂಡ್ತಿ ಹೊಲ ವಾರಕ್ಕೆ ಕೊಟ್ಟು ತವರಿಗೆ ಹೋದ್ಲು. ನಾಯೀನ ಕರ್ಕೊಂಡು ಹೋಗೋಕೆ ಆಗ್ಲಿಲ್ಲ. ತಿಥಿ ಮುಗಿಸ್ಕಂಡು ನಾವು ಹೊರಟಾಗ ನಮ್ಮನೆಯವರೇ ಅದನ್ನ ಗೂಡ್ಸ್ ಆಟೋ ಹತ್ತಿಸ್ಕಂಡ್ರು. "ನಿನ್ ತಮ್ಮನ್ದು ಅಂತ ಇದೊಂದಾದ್ರೂ ನಮ್ಮ ಕಣ್ಮುಂದೆ ಇರ್ಲಿ ಬುಡಮ್ಮಿ" ಅಂದ್ರು. ನಂಗೂ ಬ್ಯಾಡ ಅನ್ನೋ ಮನಸ್ಸಿರ್ಲಿಲ್ಲ.

ಕೊಳ್ಳೇಗಾಲದ ನಮ್ಮ ಮನೇಲಿ ನಾವಿಬ್ರು, ಎಂಬತ್ತು ದಾಟಿದ ನಮ್ಮತ್ತೆ, ಸೊಸೆ, ಮೂರುವರೆ ವರ್ಷದ ಮೊಮ್ಮಗಳು ಪುಟ್ಟು. ಮಗ ಮೈಸೂರಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗ್ತಾನೆ. ಬಯಲಲ್ಲಿ ಬೆಳೆದ ನಾಯಿಗೆ ನಮ್ಮ ಬೀದಿ ಬೇರೆ ಲೋಕ. ಎದುರುಮನೆ ಮಗ್ಗದ ಸದ್ದು, ಮಿಕ್ಸಿ ಸದ್ದು, ಆಟೋ, ಅದರ ಮೇಲೆ ದೀಪಾವಳಿ ಪಟಾಕಿ. ಹಿತ್ತಲಲ್ಲಿ ಒಗೆಯೋ ಕಲ್ಲಿನ ಪಕ್ಕ ಗೋಣಿಚೀಲ ಹಾಕಿ ಕೊಟ್ಟಿದ್ದೋ. ಅಲ್ಲೇ ಮುದುರ್ಕಂಡು ಬಿದ್ದಿರೋದು. ದಿನಕ್ಕೊಂದು ಸಲ ಮಾತ್ರ ಎದ್ದು ನಿಲ್ಲೋದು, ಬೀದೀಲಿ ಯಾವ್ದಾದ್ರೂ ಟಿವಿಎಸ್ ಮೊಪೆಡ್ ಹೋದಾಗ. ನನ್ನ ತಮ್ಮ ಓಡಿಸ್ತಿದ್ದದ್ದು ಆ ಗಾಡಿ.

ಪುಟ್ಟುಗೆ ಅದನ್ನ ಕಂಡ್ರೆ ಪ್ರಾಣ. ಹತ್ರ ಹೋಗಿ ಕುಂತು ಕಥೆ ಹೇಳೋದು, ಕಿವಿ ಹಿಡಿಯೋದು, ತಬ್ಕೊಳೋದು. ಎರಡನೇ ವಾರ ಇರಬೇಕು, ಕೆಂಚ ಸಣ್ಣಗೆ ಗುರ್ ಅಂತು. ಕೂಸು ನಗ್ತಾ ಓಡಿ ಬಂದು, "ಅಜ್ಜೀ, ಕೆಂಚ ಬೈತದ" ಅಂತು. ನೋಡಿ, ಮನೇಲಿದ್ದ ಅಷ್ಟೂ ಜನದಲ್ಲಿ ಸರಿಯಾಗಿ ಅರ್ಥ ಮಾಡ್ಕಂಡದ್ದು ಆ ಕೂಸೇ. ನಾಯಿ ಬೈತಿತ್ತು. "ದೂರ ಹೋಗು, ನಂಗೆ ಆಗ್ತಿಲ್ಲ" ಅಂತಿತ್ತು. ನಮ್ಮನೆಯವರಿಗೆ ಕೋಪ ಬಂತು. ಅನ್ನ ಹಾಕೋ ಮನೆ ಕೂಸಿನ ಮೇಲೆ ಗುರ್ ಅಂತದಾ ಅಂತ ಸೌದೆ ಕಡ್ಡೀಲಿ ಎರಡು ಬಾರಿಸಿದ್ರು. ಮಾರನೆ ದಿನವೂ ಅಂತು, ಆಗಲೂ ಬಾರಿಸಿದ್ರು. ಆಮೇಲೆ ಕೆಂಚ ಗುರ್ ಅನ್ನೋದನ್ನ ನಿಲ್ಲಿಸ್ತು. ಈಗ ಬುದ್ಧಿ ಬಂತು ಅಂತ ಅವರು ಖುಷಿಯಾದ್ರು.

ಹತ್ತು ದಿನ ಕಳೀತು. ಮಧ್ಯಾಹ್ನ ನಾನು ಹಿತ್ತಲ ಬಾಗಿಲಲ್ಲಿ ಕುಂತು ಸೊಪ್ಪು ಸೋಸ್ತಿದ್ದೆ. ಪುಟ್ಟು ನನ್ನ ಪಕ್ಕದಲ್ಲೇ ಚೆಂಡಾಡ್ತಿತ್ತು. ಚೆಂಡು ಉರುಳ್ಕಂಡು ಗೋಣಿಚೀಲದ ಹತ್ರ ಹೋಯ್ತು, ಕೂಸು ಅದರ ಹಿಂದೆ ಓಡಿ, ಚೆಂಡು ತಕಂಡು, ಹಂಗೇ ಕೆಂಚನ ಕಿವಿ ಹಿಡ್ಕಂತು. ಕಣ್ಣು ಮುಚ್ಚಿ ಬುಡೋದ್ರೊಳಗೆ ಆಗೋಯ್ತು. ಗುರ್ ಇಲ್ಲ, ಬೊಗಳಿಲ್ಲ, ಸೀದಾ ಬಾಯಿ ಹಾಕ್ತು. ಮುಂಗೈ ಮೇಲೆ ಎರಡು ಹಲ್ಲು ಇಳಿದು ರಕ್ತ ಬಂತು. ಕಚ್ಚಿದ ತಕ್ಷಣ ಬಿಟ್ಟುಬುಟ್ಟು ಗೋಡೆ ಮೂಲೆಗೆ ಹೋಗಿ ನಡುಗ್ತಾ ನಿಂತ್ಕಂತು. ಕೂಸಿನ ಮುಖ ಅದರ ಮೂತಿಗೆ ಒಂದು ಗೇಣು ದೂರದಲ್ಲಿತ್ತು. ಆ ಒಂದು ಗೇಣು ಈಗಲೂ ನನ್ನ ಕಣ್ಣಲ್ಲಿ ಅದ. ಮೂರು ವರ್ಷದ ಮಕ್ಕಳ ಎತ್ತರವೇ ಹಂಗೆ, ಮುಖ ನಾಯಿ ಬಾಯಿಗೆ ಸರಿಸಮ ಬರ್ತದ.

ನಮ್ಮತ್ತೆ ಅರಿಶಿನದ ಡಬ್ಬಿ ಹಿಡ್ಕಂಡು ಬಂದ್ರು. ಪಕ್ಕದ ಮನೆಯವರು ಸುಣ್ಣ ಹಚ್ಚಿ ಅಂದ್ರು, ಇನ್ನೊಬ್ಬರು ಖಾರದ ಪುಡಿ ಅಂದ್ರು. ಸೊಸೆ ಯಾರ ಮಾತೂ ಕೇಳ್ಲಿಲ್ಲ. ಕೂಸನ್ನ ಎತ್ಕಂಡು ಹೋಗಿ ನಲ್ಲಿ ಕೆಳಗೆ ಕೈ ಹಿಡಿದ್ಲು, ಸೋಪು ಹಾಕಿ ತೊಳೆಯೋಕೆ ಶುರು ಮಾಡಿದ್ಲು. ಒಂದೆರಡು ನಿಮಿಷ ಅಲ್ಲ, 15 ನಿಮಿಷ. ಕೂಸು ಕಿರುಚ್ತಿತ್ತು, ಅವಳ ಕಣ್ಣಲ್ಲೂ ನೀರು, ಕೈ ಮಾತ್ರ ನಿಲ್ಲಿಸ್ಲಿಲ್ಲ. ಹುಚ್ಚುನಾಯಿ ರೋಗದ ವಿಷ ಜೊಲ್ಲಲ್ಲಿ ಇರ್ತದ, ಹರಿಯೋ ನೀರು, ಸೋಪು ಎರಡೂ ಸೇರಿದ್ರೆ ಬಹಳಷ್ಟು ಅಲ್ಲೇ ತೊಳೆದೋಗ್ತದ ಅಂತ ಆಮೇಲೆ ಆಸ್ಪತ್ರೇಲೂ ಹೇಳಿದ್ರು. ಅರಿಶಿನ, ಸುಣ್ಣ, ಖಾರ, ಎಣ್ಣೆ, ಕಾಫಿಪುಡಿ ಏನೂ ಹಚ್ಚಬಾರದು. ಬಟ್ಟೆ ಬಿಗಿದು ಕಟ್ಟಲೂಬಾರದು.

"ಮನೆ ನಾಯಿ ತಾನೆ, ಹುಚ್ಚೇನು ಹಿಡ್ದಿಲ್ವಲ್ಲ, ಆಸ್ಪತ್ರೆ ಯಾಕ?" ಅಂದ್ರು ನಮ್ಮತ್ತೆ. ಅವರ ಭಯ ನಂಗೆ ಗೊತ್ತು. ಅವರು ಹುಟ್ಟಿ ಬೆಳೆದ ಕಾಲದಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರಲ್ಲಿ ತಾನೆ ಮೈಸೂರಿಗೆ ಬಂದದ್ದು. ನೀಲಗಿರಿಯ ಕೂನೂರಲ್ಲಿ 1907ರಲ್ಲಿ ಶುರುವಾದ ಪಾಶ್ಚರ್ ಸಂಸ್ಥೇಲಿ ನಾಯಿ ಕಡಿತಕ್ಕೆ ಔಷಧ ಮಾಡ್ತಿದ್ರು. ಆಗಿನ ಔಷಧ ಕುರಿ ಮೆದುಳಿಂದ ತಯಾರಾಗ್ತಿದ್ದದ್ದು, ಹೊಕ್ಕಳ ಸುತ್ತ 14 ಸೂಜಿ ಚುಚ್ಚೋರು. ಆ ನೋವು ನೋಡಿದವರು ನಾಯಿ ಕಚ್ಚಿದ್ದನ್ನೇ ಮುಚ್ಚಿಡೋರು. ಆ ಹಳೇ ಸೂಜಿ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಸೂಜಿ ಹೋದ್ರೂ ಅದರ ಭಯ ಮಾತ್ರ ಹಿರಿಯರ ಮನಸ್ಸಿಂದ ಹೋಗಿಲ್ಲ. ಈಗ ಚುಚ್ಚೋದು ತೋಳಿಗೆ, ಇಲ್ಲ ಸಣ್ಣ ಮಕ್ಕಳಿಗೆ ತೊಡೆಗೆ. ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ದೆ ಹಾಕ್ತಾರೆ.

ಚರ್ಮದ ಒಳಕ್ಕೆ ಕೊಡೋ ಸೂಜಿ ಆದ್ರೆ ಕಚ್ಚಿದ ದಿನ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಮಾಂಸಕ್ಕೆ ಕೊಡೋದಾದ್ರೆ 14ನೇ ದಿನವೂ ಸೇರಿ ಐದು. ಸೂಜಿ ಹಾಕಿಸ್ಕಂಡ ಆ ಮೊದಲನೇ ದಿನವನ್ನ ಸೊನ್ನೆ ಅಂತ ಲೆಕ್ಕ ಹಿಡೀತಾರೆ, ಅದನ್ನ ನೆನಪಿಡಿ, ಇಲ್ದಿದ್ರೆ ದಿನ ಹಿಂದುಮುಂದಾಗ್ತದ. ನಮ್ಮ ಪುಟ್ಟುಗೆ ಹಲ್ಲು ಇಳಿದು ರಕ್ತ ಬಂದಿದ್ದರಿಂದ ಲಸಿಕೆ ಜೊತೆಗೆ ತೂಕ ನೋಡಿ ಗಾಯದ ಸುತ್ತ ಸೀರಂ ಕೂಡ ಹಾಕಿದ್ರು. ಬರೀ ಗೀರಾಗಿ ರಕ್ತ ಬಂದಿಲ್ದಿದ್ರೆ ಲಸಿಕೆ ಒಂದೇ ಸಾಕಾಗ್ತದಂತೆ. ಆದ್ರೆ ಯಾವ್ದು ಗೀರು, ಯಾವ್ದು ಗಾಯ ಅಂತ ನಾವು ಮನೇಲಿ ಕುಂತು ತೀರ್ಮಾನ ಮಾಡೋದಲ್ಲ, ಅವರಿಗೇ ತೋರಿಸ್ಬೇಕು. ಕಚ್ಚಿದ ನಾಯೀನ 10 ದಿನ ಕಣ್ಣಿಟ್ಟು ನೋಡಿ ಅಂದ್ರು. ಅಷ್ಟು ದಿನ ಅದು ಊಟ ಮಾಡ್ಕಂಡು ಚೆನ್ನಾಗಿದ್ರೆ ಕಚ್ಚಿದಾಗ ಅದಕ್ಕೆ ರೋಗ ಇರ್ಲಿಲ್ಲ ಅಂತ. ಹಂಗಂತ 10 ದಿನ ನೋಡಿ ಆಮೇಲೆ ಸೂಜಿ ಹಾಕ್ಸನ ಅಂತ ಕೂರಬಾರದು, ಸೂಜಿ ಅವತ್ತೇ ಶುರುವಾಗ್ಬೇಕು. ಆ ರೋಗದ ಲಕ್ಷಣ ಒಂದ್ಸಲ ಕಾಣಿಸ್ಕಂಡ್ರೆ ಆಮೇಲೆ ಉಳಿಯೋರು ಇಲ್ಲ ಅಂತಲೇ ಲೆಕ್ಕ. ಹುಚ್ಚಿನ ಅನುಮಾನ ಇರೋ ಪ್ರಾಣಿ ಕಚ್ಚಿಸ್ಕಂಡವರಲ್ಲಿ ನೂರಕ್ಕೆ 40 ಜನ 15 ವರ್ಷದ ಒಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಮಕ್ಕಳು ಕಚ್ಚಿದ್ದನ್ನ ಬೈತಾರೆ ಅಂತ ಹೇಳ್ದೆಯೂ ಇರ್ತವೆ. "ನಾಯಿ ಮುಟ್ಟಿದ್ರೂ ಬಂದು ಹೇಳು, ನಾನು ಬೈಯಲ್ಲ" ಅಂತ ಇವತ್ತೇ ನಿಮ್ಮ ಮಕ್ಕಳಿಗೆ ಹೇಳಿಡಿ.

ಸಾಯಂಕಾಲದ ಹೊತ್ತಿಗೆ ಮನೆ ತುಂಬ ಜನ, ಬಾಯಿಗೊಂದು ಮಾತು. ಒಬ್ಬರು ನಿಯತ್ತಿನ ಪ್ರಾಣಿ, ಬೇಕಂತ ಕಚ್ಚಿರಲ್ಲ ಅಂದ್ರು. ನಿಯತ್ತಿನ ಮಾತು ಸುಳ್ಳಲ್ಲ. ಮಂಡ್ಯ ಸೀಮೆಯ ಆತಕೂರಲ್ಲಿ ಕಾಡುಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಹತ್ತಿರ ಹತ್ತಿರ 950ನೇ ಇಸವೀಲೇ ಕಲ್ಲು ನಿಲ್ಲಿಸವ್ರೆ, ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಲ್ಲಿ ಅದ. ನನ್ನ ತಮ್ಮನ ಹೊಲದಲ್ಲಿ ಕೆಂಚನೂ ಹಂದಿಗೆ ಎದುರು ನಿಂತದ್ದುಂಟು. ಆದ್ರೆ ನಿಯತ್ತೇ ಬೇರೆ, ನೋವು, ಭಯವೇ ಬೇರೆ. ಹಂದಿಗೆ ಹೆದರದ ನಾಯಿ ಕೂಸಿನ ಕೈಗೆ ಹೆದರ್ತದ. ಇನ್ನೊಬ್ಬರು, "ಮಾದಪ್ಪನ ಬೆಟ್ಟದ ದಾರೀಲಿ ಕಾಡತ್ರ ಬುಟ್ಟು ಬಂದ್ಬುಡಿ, ಅದರ ಹಣೇಲಿ ಬರ್ದಂಗಾಯ್ತದ" ಅಂದ್ರು. ಆ ದಾರೀಲಿ ಬಿಟ್ಟ ನಾಯಿಗೆ ಏನಾಗ್ತದ ಅಂತ ಹನೂರು ಕಡೆಯವಳಾದ ನಂಗೆ ಯಾರೂ ಹೇಳ್ಬೇಕಾಗಿಲ್ಲ. ಚಿರತೆಗೆ ಊರ ನಾಯಿ ಅಂದ್ರೆ ಸುಲಭದ ತುತ್ತು. ಸಾಕಿದ ಪ್ರಾಣೀನ ಹಂಗೆ ನರಳೋಕೆ ಬಿಟ್ಟು ಬರೋದು 1960ರ ಕಾನೂನಿನ ಪ್ರಕಾರ ಅಪರಾಧವೂ ಹೌದು. ನಮ್ಮನೆಯವರು ಇಬ್ಬರಿಗೂ ಉತ್ತರ ಕೊಡ್ಲಿಲ್ಲ. ಎರಡು ದಿನ ಬಿಟ್ಟು ಕೆಂಚನ ಬಾಯಿಗೆ ಬಟ್ಟೆ ಕಟ್ಟಿ ಪಶು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನಾನೂ ಹೋದೆ.

ಅಲ್ಲಿನ ಡಾಕ್ಟ್ರು ಮೊದಲು ನೋಡಿದ್ದು ಕಿವಿ. ಒಳಗೆ ಉಣ್ಣೆ ಕಚ್ಕಂಡು, ಕಿವಿ ಹುಣ್ಣಾಗಿ ಸೋರ್ತಿತ್ತು. ಹೊರಗಿಂದ ನೋಡಿದ್ರೆ ಕಾಣೋ ಜಾಗವಲ್ಲ. "ನಿಮ್ಮ ಕಿವಿ ಹುಣ್ಣಾಗಿದ್ದಾಗ ಯಾರಾದ್ರೂ ಹಿಡಿದು ಎಳೆದ್ರೆ ನೀವೇನು ಮಾಡ್ತೀರಮ್ಮ?" ಅಂದ್ರು. ಆಮೇಲೆ ಕೇಳಿದ್ರು, ಮುಂಚೆ ಗುರ್ ಅಂತಿತ್ತಾ ಅಂತ. ಅಂತಿತ್ತು, ಹೊಡೆದ ಮೇಲೆ ನಿಲ್ಲಿಸ್ತು ಅಂದ್ರು ನಮ್ಮನೆಯವರು. ಡಾಕ್ಟ್ರು ತಲೆ ಆಡಿಸಿ ಒಂದು ಮಾತು ಹೇಳಿದ್ರು. ಹೊಡೆದ್ರೆ ನಾಯಿ ಗುರ್ ಅನ್ನೋದನ್ನ ಬಿಡ್ತದ, ಗುರ್ ಅನ್ನಿಸಿದ ನೋವನ್ನೂ ಭಯವನ್ನೂ ಬಿಡಲ್ಲ. ಅದು ಬಾಯಿಬಿಟ್ಟು ಹೇಳೋ ಮಾತೇ ಹೋದ ಮೇಲೆ ಹಲ್ಲೊಂದೇ ಉಳೀತದ. ನಮ್ಮನೆಯವರು ಅವತ್ತು ದಾರಿ ಪೂರ್ತಿ ಮಾತಾಡ್ಲಿಲ್ಲ.

ನಂಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಆ ಮಾತು, ಅದಕ್ಕೇ ನಿಮಗೂ ಹೇಳ್ತಿದೀನಿ. ಗುರ್ ಅನ್ನೋ ನಾಯೀನ ಹೊಡೀಬೇಡಿ, ಕೂಸನ್ನ ಎತ್ಕಳಿ. ಗುರ್ ಅನ್ನೋಕೆ ಮುಂಚೆಯೂ ಅದು ಹೇಳ್ತಾನೇ ಇರ್ತದ. ಮೈ ಬಿಗಿ ಮಾಡ್ಕಂತದ, ಮುಖ ಆಚೆಗೆ ತಿರುಗಿಸ್ತದ, ಬಾಲ ಹೊಟ್ಟೆ ಕೆಳಗೆ ಇಟ್ಕಂತದ. ತಿನ್ನೋಕೆ ಏನೂ ಇಲ್ದಿದ್ರೂ ಮೂತಿ ನೆಕ್ಕಂತದ, ನಿದ್ದೆ ಇಲ್ದಿದ್ರೂ ಆಕಳಿಸ್ತದ. ಕಣ್ಣಿನ ಬಿಳಿ ಕಾಣೋ ಹಂಗೆ ಓರೆಗಣ್ಣಲ್ಲಿ ನೋಡ್ತದ. ಮಕ್ಕಳು ನಾಯಿ ತಬ್ಕಂಡ ಫೋಟೋ ಮೊಬೈಲಲ್ಲಿ ಬರ್ತವಲ್ಲ, ಈಗ ಅವನ್ನ ನೋಡಿದ್ರೆ ನಾನು ಕೂಸಿನ ನಗು ನೋಡಲ್ಲ, ನಾಯಿಯ ಕಣ್ಣು ನೋಡ್ತೀನಿ.

ಅವತ್ತಿಂದ ಮನೇಲಿ ಕಟ್ಟುಪಾಡು ಮಾಡ್ಕಂಡೋ. ಬಿದಿರು ದಬ್ಬೇಲಿ ನಮ್ಮನೆಯವರು ಅರ್ಧ ಬಾಗಿಲು ಮಾಡಿ ಹಿತ್ತಲಿಗೂ ನಡುಮನೆಗೂ ಮಧ್ಯ ಹಾಕಿದ್ರು. ನಾಯಿಗೂ ಮನೆ ಜನ ಕಾಣ್ತಾರೆ, ಕೂಸಿನ ಕೈಗೆ ಮಾತ್ರ ನಾಯಿ ಸಿಕ್ಕಲ್ಲ. ಬರೀ ಸರಪಳೀಲಿ ಕಟ್ಟಿದ್ರೆ ಸಾಕು ಅಂತ ಎಷ್ಟೋ ಮನೇಲಿ ಅಂದ್ಕಂತಾರೆ. ಕಟ್ಟಿದ ನಾಯಿ ದೂರ ಸರಿಯೋಕೆ ಆಗಲ್ಲ, ಕೂಸು ಹತ್ರ ಹೋಗ್ಬಹುದು, ಅದು ಇನ್ನೂ ಅಪಾಯ. ಮುದ್ದೆ ಹಾಕಿದ ಮೇಲೆ ತಟ್ಟೆ ಹತ್ರ ಯಾರೂ ಸುಳೀಬಾರದು. ಮಲಗಿದ ನಾಯೀನ ಮುಟ್ಟಿ ಎಬ್ಬಿಸ್ಬಾರದು, ಹೆಸರು ಹಿಡಿದು ದೂರದಿಂದ ಕೂಗ್ಬೇಕು. ಕೂಸು, ನಾಯಿ ಒಂದೇ ಕಡೆ ಇದ್ರೆ ಮಧ್ಯೆ ದೊಡ್ಡವರು ಇರಲೇಬೇಕು, ಪಕ್ಕದಲ್ಲಲ್ಲ, ಮಧ್ಯೆ. ಪುಟ್ಟುಗೆ ಒಂದು ಆಟ ಹೇಳ್ಕೊಟ್ಟೆ. ನಾಯಿ ಹತ್ರ ಬಂದ್ರೆ ಓಡ್ಬಾರದು, ಕಿರುಚ್ಬಾರದು, ಕೈ ಮಡಚ್ಕಂಡು ನೆಲ ನೋಡ್ತಾ ಮರದಂಗೆ ನಿಂತ್ಕಬೇಕು. "ನಾನು ಹುಣಸೇಮರ" ಅಂತ ಹಿತ್ತಲ ತುಂಬ ನಿಂತು ಅಭ್ಯಾಸ ಮಾಡ್ತು. ಬೀದಿ ನಾಯಿಗೂ ಆ ಆಟವೇ ಆಗ್ತದ.

ಕಿವಿ ವಾಸಿಯಾಯ್ತು, ಹತ್ತು ದಿನ ಕಳೀತು, ಪುಟ್ಟುವಿನ ಸೂಜಿಯೂ ಡಾಕ್ಟ್ರು ಹೇಳಿದ ದಿನಕ್ಕೆ ತಪ್ಪದೆ ಮುಗೀತು. ಕೆಂಚನಿಗೂ ಲಸಿಕೆ ಹಾಕಿಸಿದ್ವಿ. ನಮ್ಮ ಜೊತೆ ಅದು ಹಳೇ ಕೆಂಚನಾಯ್ತು, ನನ್ನ ಕಾಲ ಹತ್ರ ಬಂದು ಮಲಗ್ತಿತ್ತು. ಆದ್ರೆ ಪುಟ್ಟು ಓಡಾಡಿದ ಸದ್ದಿಗೆ ಮಾತ್ರ ಬಾಗಿಲಾಚೆ ಮೈ ಬಿಗಿ ಹಿಡಿಯೋದು ಹೋಗ್ಲಿಲ್ಲ. ಇನ್ನೊಂದು ಸಂಗತಿ ನಾನು ದಿನಾ ನೋಡ್ತಿದ್ದೆ. ಸೊಸೆ ನಿದ್ದೆ ಮಾಡ್ತಿರ್ಲಿಲ್ಲ. ರಾತ್ರಿ ಎರಡು ಸಲ ಎದ್ದು ಅರ್ಧ ಬಾಗಿಲ ಚಿಲಕ ನೋಡಿ ಬರೋಳು. ಬಾಯಿಬಿಟ್ಟು ಒಂದಿನವೂ ನಾಯಿ ಕಳಿಸಿ ಅನ್ನಲಿಲ್ಲ. ಅದು ಮಾವನ ಇಷ್ಟ, ಅತ್ತೆಯ ತಮ್ಮನ ನಾಯಿ, ಹೆಂಗೆ ಅನ್ನೋದು ಅಂತ ನುಂಗ್ಕಂಡಿದ್ಲು. ಒಂದು ರಾತ್ರಿ ನಾನೂ ಎದ್ದೆ. "ಯಾಕಮ್ಮ ಕೂಸೇ, ಮಲಗಲ್ವಾ?" ಅಂದೆ. "ಚಿಲಕ ನೋಡೋಕೆ ಬಂದೆ ಅತ್ತೆ" ಅಂದ್ಲು. ಅಷ್ಟೇ ಮಾತು.

ಅವತ್ತು ರಾತ್ರಿಯೇ ನಾನು ತೀರ್ಮಾನ ಮಾಡ್ದೆ. ಮೂರುವರೆ ವರ್ಷದ ಕೂಸು ಚಿಲಕ ತೆಗೆಯೋದನ್ನ ಇವತ್ತಲ್ಲ ನಾಳೆ ಕಲೀತದ. ಬಾಗಿಲು ಕಾಯೋದಕ್ಕೂ ಒಂದು ಮಿತಿ ಅದ. ತಮ್ಮನ ನೆನಪು ನನ್ನ ಎದೇಲಿ ಇರ್ತದ, ಅದಕ್ಕೆ ಆ ಹೆಣ್ಣುಮಗಳು ನಿದ್ದೆಗೆಟ್ಟು ಬೆಲೆ ಕಟ್ಬೇಕಾಗಿಲ್ಲ.

ಯಳಂದೂರು ಕಡೆ ಸುವರ್ಣಾವತಿ ಹೊಳೆ ಹತ್ರ ನನ್ನ ತಂಗಿ ಇದಾಳೆ. ಗಂಡ ಹೆಂಡ್ತಿ ಇಬ್ಬರೇ, ಮಕ್ಕಳೆಲ್ಲ ಮದುವೆಯಾಗಿ ದೂರ. ತೆಂಗಿನ ತೋಟ, ಒಂಟಿ ಮನೆ, ಸುತ್ತ ಬೇಲಿ. ಅವಳಿಗೂ ಅವನು ಅಣ್ಣನೇ. ಫೋನ್ ಮಾಡಿ ಏನೂ ಮುಚ್ಚಿಡದೆ ಹೇಳ್ದೆ. "ಒಂದ್ಸಲ ಕೂಸಿನ ಕೈ ಕಚ್ಚದ. ಕಿವಿ ಮುಟ್ಟಿಸ್ಕಳಲ್ಲ. ಉಣ್ಣೋವಾಗ ಹತ್ರ ಹೋಗ್ಬ್ಯಾಡ. ಮೊಮ್ಮಕ್ಕಳು ಬಂದಾಗ ತೋಟದ ಶೆಡ್ಡಲ್ಲಿ ಬೇರೆ ಇರಿಸ್ಬೇಕು. ಆದ್ರೆ ಹೇಳು, ಆಗದಿದ್ರೆ ಬ್ಯಾಡ ಅನ್ನು, ನಂಗೆ ಬ್ಯಾಸರ ಇಲ್ಲ" ಅಂದೆ. ಹಾಯೋ ಹಸ ಮಾರೋವಾಗ ಹಾಯ್ತದ ಅಂತ ಹೇಳೋದು ನಮ್ಮ ಹಿರೀಕರ ಧರ್ಮ. ನಾಯಿ ಕೊಡೋವಾಗಲೂ ಅದೇ ಧರ್ಮ. ತಂಗಿ ಎರಡು ದಿನ ಯೋಚನೆ ಮಾಡಿ, "ಕಳ್ಸಕ್ಕ" ಅಂದ್ಲು.

ಆಟೋ ಬಂದ ದಿನ ಪುಟ್ಟು ಅರ್ಧ ಬಾಗಿಲ ಈಚೆ ನಿಂತು ಟಾಟಾ ಮಾಡ್ತು. ನಮ್ಮನೆಯವರು ಗೋಣಿಚೀಲವನ್ನೂ ಜೊತೇಲೇ ಕಳಿಸಿದ್ರು, ಹಳೇ ವಾಸನೆ ಇದ್ರೆ ಹೊಸ ಜಾಗದಲ್ಲಿ ಬೇಗ ಹೊಂದ್ಕಂತದ ಅಂತ. ನಾನು ಒಳಗೆ ಹೋಗಿ ಒಲೆ ಹಚ್ಚಿದೆ, ನೋಡ್ತಾ ನಿಲ್ಲೋಕೆ ಆಗ್ಲಿಲ್ಲ. ಈಗ ತಿಂಗಳಿಗೊಂದು ಸಲ ನೋಡ್ಕಂಡು ಬರ್ತೀವಿ. ತೋಟದಲ್ಲಿ ಓಡಾಡ್ಕಂಡು ಮೈ ಕೈ ತುಂಬ್ಕಂಡದ. ತಂಗಿ ಗಂಡನ ಹತ್ರವೂ ಒಂದು ಮೊಪೆಡ್ ಅದ. ಅದರ ಸದ್ದು ಕೇಳಿದ್ರೆ ಗೇಟ್ ತಂಕ ಓಡ್ತದಂತೆ. ಸೊಸೆ ಈಗ ರಾತ್ರಿ ಏಳಲ್ಲ.

ನಾಯಿ ತಂದಿರೋ ಮೂರು ಮನೆಯವರೂ ನನ್ನಂಗೆ ಕಳಿಸ್ಲೇಬೇಕು ಅಂತ ಹೇಳ್ತಿಲ್ಲ. ನಿಮ್ಮವು ಮರಿಗಳು, ಮಕ್ಕಳ ಜೊತೇಲೇ ಬೆಳೆಯೋವು. ಮೂರು ತಿಂಗಳು ತುಂಬಿದ ಕೂಡಲೇ ಪಶು ಆಸ್ಪತ್ರೇಲಿ ಹುಚ್ಚಿನ ಲಸಿಕೆ ಹಾಕಿಸಿ, ಆಮೇಲೆ ವರ್ಷ ವರ್ಷ ತಪ್ಪಿಸ್ಬೇಡಿ. ಕಿವಿ, ಹಲ್ಲು, ಕಾಲಿನ ಸಂದಿ ವಾರಕ್ಕೊಂದು ಸಲ ನೋಡಿ. ಗುರ್ ಅಂದ್ರೆ ಯಾಕೆ ಅಂತ ಹುಡುಕಿ. ಲಸಿಕೆ ಹಾಕ್ಸಿರೋ ಸ್ವಂತ ನಾಯಿ ಕಚ್ಚಿದ್ರೂ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಎಲ್ಲ ಮಾಡಿದ ಮೇಲೂ ಮನೇಲಿ ಯಾರಾದ್ರೂ ರಾತ್ರಿ ಎದ್ದು ಚಿಲಕ ನೋಡ್ತಿದ್ರೆ, ಅದನ್ನೂ ಲೆಕ್ಕಕ್ಕೆ ತಕಳಿ.

ಬಿದಿರು ದಬ್ಬೆ ಬಾಗಿಲು ನಮ್ಮನೇಲಿ ಈಗ ಸುಮ್ನೆ ಗೋಡೆಗೊರಗದ. ಬೇಕಾದವರು ಬಂದು ತಕಂಡು ಹೋಗಿ.